ಒಹಾಯೋದ ಮೊದಲ ಸೀಸನ್‌ಗೆ ರಿಕರ್ವ್ ಕ್ರಾಸ್‌ಬೋ ಸಾಕಾ, ಕಾಂಪೌಂಡ್ ಬೇಕಾ?

ಅಮೆರಿಕದ ಒಹಾಯೋದಲ್ಲಿ ಮೊದಲ ಸಲ ಜಿಂಕೆ ಬೇಟೆಗೆ ಹೊರಟಿದ್ದೀರಿ. ಕ್ರಾಸ್‌ಬೋ, ಅಂದರೆ ಟ್ರಿಗರ್ ಒತ್ತಿ ಬಾಣ ಬಿಡುವ ಅಡ್ಡಬಿಲ್ಲು, ಕೊಳ್ಳುವಾಗ ಬರೀ ಹೆದೆ ಇರುವ ರಿಕರ್ವ್ ತಗೊಳ್ಳಲಾ, ಗಾಲಿ-ಕೇಬಲ್ ಇರುವ ಕಾಂಪೌಂಡ್ ತಗೊಳ್ಳಲಾ ಅಂತ ಕೇಳಿದ್ದೀರಿ. ರಿಪೇರಿ ಅಂಗಡಿ ಒಂದೂವರೆ ಗಂಟೆ ದೂರ ಅಂತಲೂ ಬರೆದಿದ್ದೀರಿ. ನನಗೆ ಆ ಎರಡನೇ ಮಾತೇ ಮುಖ್ಯ ಅನ್ನಿಸಿತು. ರಿಕರ್ವ್ ತಗೊಳ್ಳಿ.

ಕಾರಣ ಹೆದೆ. ಹೋದ ನವೆಂಬರ್‌ನಲ್ಲಿ ಗೆಳೆಯರ ಜಮೀನಿನ ಅಂಚಲ್ಲಿ ಗಾಡಿ ನಿಲ್ಲಿಸಿ, ಟಾರ್ಚ್ ಬೆಳಕಲ್ಲಿ ಹೆದೆಯ ಮೇಲೆ ಉಗುರು ಆಡಿಸಿದೆ. ಒಂದು ಕಡೆ ಉಗುರಿಗೆ ತಡೆಯಿತು. ಎಳೆ ಕಿತ್ತು ಎದ್ದಿತ್ತು. ಅಂಥ ಹೆದೆಯಲ್ಲಿ ಹೊಡೆಯಲೇಬಾರದು. ನನ್ನದು ರಿಕರ್ವ್. ಚೀಲದಲ್ಲಿದ್ದ ಸ್ಟ್ರಿಂಗರ್ ಹಗ್ಗ ಹಾಕಿ ಬಿಲ್ಲು ಬಗ್ಗಿಸಿದೆ, ಹೊಸ ಹೆದೆ ಏರಿಸಿದೆ. ಹತ್ತು ನಿಮಿಷದ ಕೆಲಸ. ಬೆಳಕಾದ ಮೇಲೆ ಟಾರ್ಗೆಟ್‌ಗೆ ಎರಡು ಬಾಣ ಹೊಡೆದು, ಗುರಿ ಸರಿಯಿದೆ ಅಂತ ನೋಡಿಕೊಂಡೇ ಒಳಗೆ ಹೋದೆ. ಕಾಂಪೌಂಡ್‌ನಲ್ಲಿ ಹೆದೆ ಜೊತೆ ಕೇಬಲ್, ಎರಡು ತುದಿಗೂ ಕ್ಯಾಮ್ ಗಾಲಿ ಇರುತ್ತವೆ. ಹೆದೆ ಬದಲಿಸೋಕೆ ಸಾಮಾನ್ಯವಾಗಿ ಬೋ ಪ್ರೆಸ್, ಅಂದರೆ ಬಿಲ್ಲನ್ನು ಬಗ್ಗಿಸಿ ಹಿಡಿಯುವ ಯಂತ್ರ ಬೇಕು. ಆವತ್ತು ಕೈಯಲ್ಲಿ ಕಾಂಪೌಂಡ್ ಇದ್ದಿದ್ದರೆ ನಾನು ವಾಪಸ್ ಮನೆಗೆ ಬರಬೇಕಿತ್ತು.

ಕಾಂಪೌಂಡ್ ಗೆಲ್ಲೋದು ಅಗಲದಲ್ಲಿ. ಹೆದೆ ಎಳೆದಾಗ ಕೆಲವು ಮಾಡೆಲ್‌ಗಳು ಒಂದು ಗೇಣಿಗಿಂತ ಕಿರಿದು. ರಿಕರ್ವ್ ಎರಡು ಅಡಿಯ ಆಸುಪಾಸು, ಬಾಣ ಬಿಟ್ಟಾಗ ತುದಿಗಳು ಇನ್ನೂ ಹೊರಕ್ಕೆ ಚಿಮ್ಮುತ್ತವೆ. ಬೇಟೆಗಾರ ಅಡಗಿ ಕೂರುವ ಬ್ಲೈಂಡ್‌ನ ಕಂಬಕ್ಕೋ ಕೊಂಬೆಗೋ ತಗುಲಿದರೆ ಬಾಣ ಎಲ್ಲೋ ಹೋಗುತ್ತದೆ, ಬಿಲ್ಲೂ ಮುರಿಯಬಹುದು. ನಿಮ್ಮ ಬ್ಲೈಂಡ್‌ನ ಕಿಟಕಿ ಮೊದಲು ಅಳೆಯಿರಿ. ತೀರಾ ಇಕ್ಕಟ್ಟಾದರೆ ಮಾತ್ರ ನನ್ನ ಸಲಹೆ ಬದಲಾಗುತ್ತದೆ.

ಇನ್ನೊಂದು ಎಳೆತ. ರಿಕರ್ವ್‌ನಲ್ಲಿ ಹೆದೆ ಓಡುವ ದೂರ ಕಮ್ಮಿ, ಹಾಗಾಗಿ ಅಷ್ಟೇ ವೇಗ ಬೇಕಂದ್ರೆ ಬಿಲ್ಲು ಬಿಗಿಯಾಗಿರಬೇಕು. ಹೆದೆ ಎಳೆಯೋಕೆ 250 ಪೌಂಡ್ ಬಲ ಬೇಕಾಗೋದು ಅಪರೂಪವೇನಲ್ಲ. ಹೆದೆ ಎಳೆಯಲೆಂದೇ ಇರುವ, ರಾಟೆಯ ಕಾಕಿಂಗ್ ಹಗ್ಗ ಹಾಕಿದರೆ ಅರ್ಧ ಭಾರವಾಗುತ್ತದೆ. ಅಂಗಡಿಯಲ್ಲೇ ನಾಲ್ಕು ಸಲ ಎಳೆದು ನೋಡಿ. ಭುಜ ನೋವಿದ್ದರೆ ಹಿಡಿ ತಿರುಗಿಸಿ ಹೆದೆ ಎಳೆಯುವ ಕ್ರ್ಯಾಂಕ್ ಇರೋದನ್ನೇ ನೋಡಿ.

ವೇಗದ ಜಾಹೀರಾತಿಗೆ ಮರುಳಾಗಬೇಡಿ. 40 ಗಜ ಅಂದರೆ 120 ಅಡಿ. ಸೆಕೆಂಡಿಗೆ 350 ಅಡಿ ಓಡುವ ಬಾಣಕ್ಕೆ ಅಲ್ಲಿಗೆ ಮುಟ್ಟಲು ಸುಮಾರು 0.35 ಸೆಕೆಂಡ್ ಬೇಕು. ಬಿಲ್ಲಿನ ಸದ್ದು 0.11 ಸೆಕೆಂಡಿನಲ್ಲೇ ಮುಟ್ಟಿರುತ್ತದೆ. ಬೆದರಿದ ಜಿಂಕೆ ಅಷ್ಟರಲ್ಲಿ ಕುಗ್ಗಿಬಿಡುತ್ತದೆ, ಬಾಣ ಬೆನ್ನಿಗೆ ನಾಟುತ್ತದೆ. ಆ ಜೀವ ಗಾಯ ಹೊತ್ತು ದಿನಗಟ್ಟಲೆ ನರಳೋದು ಬೇಡ. 20 ಗಜಕ್ಕೆ ಸದ್ದು ಮತ್ತು ಬಾಣದ ನಡುವಿನ ಆ ಅಂತರವೂ ಅರ್ಧಕ್ಕಿಳಿಯುತ್ತದೆ. ಮೊದಲ ವರ್ಷ ಅದಕ್ಕಿಂತ ದೂರ ಹೊಡೆಯಬೇಡಿ.

ಯಾವುದೇ ತಗೊಂಡರೂ ಹೆಬ್ಬೆರಳು ಬಾಣ ಕೂರುವ ರೈಲ್‌ಗಿಂತ ಕೆಳಗಿರಲಿ. ಹೆದೆ ದಾರಿಗೆ ಬಂದ ಬೆರಳು ಉಳಿಯೋದಿಲ್ಲ. ಬಾಣವಿಲ್ಲದೆ ಟ್ರಿಗರ್ ಒತ್ತಲೇಬೇಡಿ. ಮರದ ಅಟ್ಟಣೆಗೆ ಹತ್ತುವಾಗ ಬಿಲ್ಲು ಕೈಲಿರಬಾರದು. ಬಾಣ ಹೂಡದೆ, ಹಗ್ಗ ಕಟ್ಟಿ ಆಮೇಲೆ ಮೇಲೆಳೆದುಕೊಳ್ಳಿ.

ಊರಲ್ಲಿ ಕೂತು ಓದುತ್ತಿರೋರಿಗೆ: ಇದೆಲ್ಲ ಅಮೆರಿಕಕ್ಕೆ ಮಾತ್ರ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಜಿಂಕೆ ಬೇಟೆ ಅಪರಾಧ.

ಬಿಲ್ಲಿನ ಜೊತೆಗೇ ಒಂದು ಹೆಚ್ಚಿನ ಹೆದೆ, ಸ್ಟ್ರಿಂಗರ್, ಮೇಣ ತಗೊಳ್ಳಿ. ಕಿಟಕಿ ಅಳತೆ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.