ಎಂಸಿಬಿ ಬೀಳ್ತಾ ಇದೆ, 16 ಆಂಪಿನದು ಹಾಕಿಸಲಾ?

ಪ್ರಶ್ನೆ: ಗೋಣಿಕೊಪ್ಪದ ಹತ್ತಿರ ನಮ್ಮದು ಹಳೇ ತೋಟದ ಮನೆ. ಹೋಂಸ್ಟೇ ಮಾಡೋಣ ಅಂತ ಎರಡು ಕೋಣೆ ರಿಪೇರಿ ಮಾಡಿಸಿ, 12 ವ್ಯಾಟಿನ 10 ಎಲ್‌ಇಡಿ ಸೀಲಿಂಗ್ ಲೈಟ್ ಹಾಕಿಸಿದೆವು. ಅದೇ ಲೈನಿನಲ್ಲಿ ಮೊದಲಿಂದ 9 ವ್ಯಾಟಿನ 6 ಬಲ್ಬು, 20 ವ್ಯಾಟಿನ 2 ಟ್ಯೂಬು, 2 ಫ್ಯಾನು, 3 ಸಣ್ಣ ಸಾಕೆಟ್ ಇವೆ. ಮಳೆಗಾಲ ಅಲ್ವಾ, ಬಟ್ಟೆ ಒಣಗಲೆಂದು ಸಂಜೆ 1500 ವ್ಯಾಟಿನ ರೂಮ್ ಹೀಟರ್ ಇಡುತ್ತೇವೆ. ಅರ್ಧ ಗಂಟೆಗೆ 6 ಆಂಪಿನ ಎಂಸಿಬಿ (ಹೊರೆ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತದೆ. ಲೈಟ್ ಜಾಸ್ತಿಯಾಯ್ತು, 16 ಆಂಪಿನದು ಹಾಕೋಣ ಅಂತಾರೆ ವಯರ್‌ಮನ್. ಹಾಕಿಸಬಹುದಾ?

ಉತ್ತರ: ಬೇಡ. ನಿಮ್ಮ ಲೈಟುಗಳದ್ದು ಏನೂ ತಪ್ಪಿಲ್ಲ, ಲೆಕ್ಕ ನೋಡಿ. ಬಲ್ಬು 54, ಟ್ಯೂಬು 40, ಫ್ಯಾನಿಗೆ 75ರಂತೆ 150, ಹೊಸ ಲೈಟು 120. ಎಲ್ಲ ಸೇರಿ 364 ವ್ಯಾಟ್. ಸಣ್ಣ ಸಾಕೆಟ್ ಒಂದಕ್ಕೆ 100 ವ್ಯಾಟ್ ಹಿಡಿಯುವುದು ರೂಢಿ. ಅದನ್ನೂ ಸೇರಿಸಿದರೆ 664. ಒಂದು ಲೈಟ್ ಲೈನಿಗೆ 800 ವ್ಯಾಟ್, 10 ಪಾಯಿಂಟ್ ಅನ್ನುವುದು ನಮ್ಮಲ್ಲಿ ಮೊದಲಿಂದ ಪಾಲಿಸುವ ಮಿತಿ. 60 ವ್ಯಾಟಿನ ಬಲ್ಬಿನ ಕಾಲದ್ದು. ವ್ಯಾಟಿನಲ್ಲಿ ನೀವು ಪಾಸು. ಲೈಟು, ಫ್ಯಾನು, ಸಾಕೆಟ್ ಒಂದೊಂದೂ ಒಂದು ಪಾಯಿಂಟ್; ಅವು ಮಾತ್ರ 23 ಆಗಿವೆ, ಹಾಗಾಗಿ ಹೊಸ ಕೋಣೆಗಳಿಗೆ ಬೇರೆ ಲೈನ್ ಎಳೆಸಿ. ಒಂದು ಕಡೆ ತೊಂದರೆಯಾದರೆ ಇಡೀ ಮನೆ ಕತ್ತಲಾಗುವುದಾದರೂ ತಪ್ಪುತ್ತದೆ.

ಈಗ ಹೀಟರ್ ಸೇರಿಸಿ. ಸಾಕೆಟ್ಟಿಗೆ ಹಿಡಿದ 300 ಬಿಟ್ಟು, 364ಕ್ಕೆ 1500 ಕೂಡಿದರೆ 1864 ವ್ಯಾಟ್. 230 ವೋಲ್ಟಿನಿಂದ ಭಾಗಿಸಿದರೆ 8.1 ಆಂಪ್. 6 ಆಂಪಿನ ಎಂಸಿಬಿ ಇಷ್ಟು ಹೊರೆಗೆ ತಕ್ಷಣ ಬೀಳುವುದಿಲ್ಲ. ಒಳಗಿನ ಲೋಹದ ಪಟ್ಟಿ ನಿಧಾನಕ್ಕೆ ಬಿಸಿಯಾಗಿ ಬಾಗಿದ ಮೇಲೆ ಬೀಳುತ್ತದೆ. ನಿಮ್ಮ ಅರ್ಧ ಗಂಟೆ ಅದೇ. ಸ್ವಿಚ್ ಹಾಕಿದ ಕೂಡಲೇ ಠಪ್ ಅಂತ ಬಿದ್ದಿದ್ದರೆ ಎಲ್ಲೋ ಶಾರ್ಟ್ ಆಗಿದೆ ಅಂತ ಹುಡುಕಬೇಕಿತ್ತು.

ಎಂಸಿಬಿ ಇರುವುದು ವಯರಿನ ರಕ್ಷಣೆಗೆ. 16 ಆಂಪಿನದು ಹಾಕಿದರೆ 18 ಆಂಪ್ ಹರಿದರೂ ಒಂದು ಗಂಟೆ ಅದು ಅಲುಗಾಡಲಿಕ್ಕಿಲ್ಲ. 18 ಆಂಪ್ ಅಂದರೆ 4000 ವ್ಯಾಟಿಗೂ ಮೇಲೆ. ಮೇನ್ ಆಫ್ ಮಾಡಿಸಿ, ವಯರ್‌ಮನ್ ಹತ್ತಿರವೇ ಒಂದು ಸ್ವಿಚ್ ಬೋರ್ಡ್ ಬಿಚ್ಚಿಸಿ ನೋಡಿ. ಹೊಸ ವಯರಾದರೆ ಮೈಮೇಲೆ 1.5 (ಚದರ ಮಿಲಿಮೀಟರ್) ಅಂತ ಅಚ್ಚಾಗಿರುತ್ತದೆ. ಹಳೇ ಮನೆಗಳಲ್ಲಿ ಸಿಗುವುದು 3/22. ಸಣ್ಣ ಮೂರು ತಂತಿ ಹೊಸೆದದ್ದು, ಒಟ್ಟು ದಪ್ಪ 1.2 ಚದರ ಮಿಲಿಮೀಟರ್ ಅಷ್ಟೇ. ಅದರ ಹೊದಿಕೆ ಉಗುರಿಗೆ ಪುಡಿಯಾದರೆ ಆ ಲೈನು ಮುಗಿದ ಹಾಗೆ. ಅಂಥ ವಯರು ಮರದ ಪಟ್ಟಿಯೊಳಗೆ, ಅಟ್ಟದ ಹಲಗೆಗೆ ತಾಗಿಕೊಂಡು ಓಡುತ್ತಿದ್ದರೆ 16ರ ಮಾತೇ ಎತ್ತಬೇಡಿ.

ಹೀಟರಿನ ಪಿನ್ನು ದಪ್ಪ, ಸಾಕೆಟ್ ಸಣ್ಣದು. ಹಾಗಾದರೆ ನಡುವೆ ಕನ್ವರ್ಷನ್ ಪ್ಲಗ್ ಇರಲೇಬೇಕು. ಅದನ್ನು ಕಿತ್ತು ಸಾಕೆಟ್ ನೋಡಿ. ತೂತಿನ ಸುತ್ತ ಕಂದು ಬಣ್ಣ, ಸುಟ್ಟ ಪ್ಲಾಸ್ಟಿಕ್ ವಾಸನೆ ಇದ್ದರೆ ಸಾಕೆಟ್ ಬದಲಿಸಿ. ಆ ಪ್ಲಗ್ಗನ್ನು ಎಸೆದುಬಿಡಿ.

ಹೀಟರಿಗೆ ಡಿಬಿ ಬಾಕ್ಸಿನಿಂದ (ಎಂಸಿಬಿಗಳಿರುವ ಪೆಟ್ಟಿಗೆ) ನೇರ ಬೇರೆ ಲೈನ್ ಬೇಕು. 4 ಚದರ ಮಿಲಿಮೀಟರ್ ತಾಮ್ರದ ವಯರ್, 16 ಆಂಪಿನ ಸಾಕೆಟ್, ಅರ್ಥಿಂಗ್. 16ರ ಎಂಸಿಬಿ ಆ ಲೈನಿಗೆ ಹಾಕಿಸಿ, ಅಲ್ಲಿ ಅದು ಸರಿ. ಅತಿಥಿಗಳು ಕೆಟಲ್, ಹೇರ್ ಡ್ರೈಯರ್ ತರುತ್ತಾರೆ. ಕೇಳಿ ಹಾಕುವವರು ಕಡಿಮೆ. ಹಾಗಾಗಿ ಕೋಣೆಗೊಂದು ಪವರ್ ಸಾಕೆಟ್ ಈಗಲೇ ಕೊಡಿಸಿ. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ನೋಡಿ. ಗೀಸರ್, ಹೀಟರ್ ಸೇರಿದಾಗ ಅದು ಸಾಲದಿದ್ದರೆ ನಿಮ್ಮ ಕಡೆ ಕರೆಂಟ್ ಕೊಡುವ ಚೆಸ್ಕಾಂ ಕಚೇರಿಯಲ್ಲಿ ಅರ್ಜಿ ಹಾಕಬೇಕು.

30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಇದೇ ಕೆಲಸದ ಜೊತೆ ಹಾಕಿಸಿ. ಕೊಡಗಿನ ಜಡಿಮಳೆಗೆ ಗೇಟಿನ ಲೈಟಿಗೆ ನೀರಿಳಿದು ಅದು ಪದೇಪದೇ ಬೀಳಬಹುದು. ಬೀಳುತ್ತದೆ ಅಂತ ಬೈಪಾಸ್ ಮಾಡಿಸಬೇಡಿ, ಆ ಲೈಟನ್ನು ಸರಿಮಾಡಿಸಿ. ಬಟ್ಟೆಯನ್ನು ಹೀಟರಿನ ಮೇಲೆ ಯಾವತ್ತೂ ಹರವಬೇಡಿ, ಎದುರಿಗೆ ಒಂದು ಮೀಟರ್ ದೂರ ಕಟ್ಟಿ.