ನೆರವು ಕೇಂದ್ರವನ್ನು ಮುಚ್ಚುವ ಮೊದಲು ಕೇಳಬೇಕಾದ ಲೆಕ್ಕ

ವಿಶ್ವವಿದ್ಯಾಲಯವೊಂದರ ರಸಾಯನಶಾಸ್ತ್ರ ವಿಭಾಗದಲ್ಲಿ ಅಧ್ಯಾಪಕಿಯಾಗಿರುವ ಓದುಗರೊಬ್ಬರು, ತಮ್ಮ ಹೆಸರನ್ನೂ ಸಂಸ್ಥೆಯ ಹೆಸರನ್ನೂ ಪ್ರಕಟಿಸಬಾರದೆಂಬ ಕೋರಿಕೆಯೊಡನೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಅದರ ಸಾರಾಂಶ ಹೀಗಿದೆ: ಹೊರಗಿನಿಂದ ಬರುವ ಪ್ರತಿಯೊಂದು ಸಂಶೋಧನಾ ಅನುದಾನದಲ್ಲೂ ವಿಶ್ವವಿದ್ಯಾಲಯವು ಓವರ್‌ಹೆಡ್ ಎಂದು ಒಂದು ಪಾಲನ್ನು ತೆಗೆದುಕೊಳ್ಳುತ್ತದೆ, ಆ ಹಣದಿಂದ ಈಗ ಸಂಶೋಧನಾ ನೆರವು ಕೇಂದ್ರವೊಂದನ್ನು ತೆರೆದು ಸಿಬ್ಬಂದಿಯನ್ನು ನೇಮಿಸಿದೆ, ಆದರೆ ಕೇಂದ್ರದಿಂದ ತಮಗೆ ಬರುವುದು ಸುತ್ತೋಲೆಗಳು ಮತ್ತು ಭರ್ತಿ ಮಾಡಬೇಕಾದ ನಮೂನೆಗಳು ಮಾತ್ರ. ಅವರ ಯೋಜನಾ ಪ್ರಸ್ತಾವನೆ ಎರಡು ಬಾರಿ ತಿರಸ್ಕೃತವಾಗಿದೆ. ಕೇಂದ್ರವನ್ನು ಮುಚ್ಚಿ ಆ ಹಣವನ್ನು ಎಲ್ಲ ಅಧ್ಯಾಪಕರಿಗೂ ಸಮನಾಗಿ ಹಂಚಿದರೆ ಸಂಶೋಧನೆ ಹೆಚ್ಚು ಬಲಗೊಳ್ಳುವುದಿಲ್ಲವೇ ಎಂಬುದು ಅವರ ಪ್ರಶ್ನೆ. ಮೂರನೆಯ ಬಾರಿ ಅರ್ಜಿ ಹಾಕುವುದರಲ್ಲಿ ಅರ್ಥವಿದೆಯೇ ಎಂದೂ ಕೊನೆಯಲ್ಲಿ ಕೇಳಿದ್ದಾರೆ.

ಮಾನ್ಯರೇ,

ತಮ್ಮ ಪತ್ರದಲ್ಲಿರುವ ಅಸಮಾಧಾನವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ, ತಾವು ಸೂಚಿಸಿರುವ ಪರಿಹಾರವನ್ನು ಒಪ್ಪಲಾರೆ. ನೆರವು ಕೇಂದ್ರದ ಬಗ್ಗೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಕಳೆದ ವರ್ಷ ಅದು ಸಂಶೋಧಕರ ಎಷ್ಟು ಗಂಟೆಗಳನ್ನು ಉಳಿಸಿಕೊಟ್ಟಿತು? ಇದಕ್ಕೆ ಉತ್ತರ ಹೇಳಲಾಗದ ಕೇಂದ್ರವನ್ನು ತಿದ್ದಬೇಕು, ತಿದ್ದಲಾಗದಿದ್ದರೆ ಮುಚ್ಚಲೂಬಹುದು. ಆದರೆ ಅದನ್ನು ಮುಚ್ಚಿದ ಮಾತ್ರಕ್ಕೆ ಅದು ಮಾಡಬೇಕಾಗಿದ್ದ ಕೆಲಸ ಮಾಯವಾಗುವುದಿಲ್ಲ. ಆ ಕೆಲಸವೆಲ್ಲ ತಮ್ಮ ಮೇಜಿನ ಮೇಲೆ ಬಂದು ಕೂರುತ್ತದೆ.

ಮೊದಲು ಓವರ್‌ಹೆಡ್ ವಿಷಯ. ಯೋಜನೆಯೊಂದಕ್ಕೆ ನೇರವಾಗಿ ಬರೆದಿಡಬಹುದಾದ ಖರ್ಚುಗಳಿವೆ: ರಾಸಾಯನಿಕಗಳು, ಸಂಶೋಧನಾ ಸಹಾಯಕರ ವೇತನ, ಪ್ರಯಾಣ. ಹಾಗೆ ಬರೆದಿಡಲಾಗದ ಖರ್ಚುಗಳೂ ಇವೆ: ಕಟ್ಟಡ, ವಿದ್ಯುತ್, ಗ್ರಂಥಾಲಯ, ಜಾಲ ಸಂಪರ್ಕ, ಅಪಾಯಕಾರಿ ತ್ಯಾಜ್ಯದ ವಿಲೇವಾರಿ, ಲೆಕ್ಕಪತ್ರ ವಿಭಾಗ, ನೈತಿಕ ಪರಿಶೀಲನಾ ಸಮಿತಿ. ಈ ಎರಡನೆಯ ಬಗೆಯ ಖರ್ಚನ್ನು ಯಾರು ಭರಿಸಬೇಕು ಎಂಬುದಕ್ಕೆ ಒಂದೊಂದು ದೇಶ ಒಂದೊಂದು ಉತ್ತರ ಕಂಡುಕೊಂಡಿದೆ. ಜರ್ಮನಿಯ ಸಂಶೋಧನಾ ಪ್ರತಿಷ್ಠಾನವಾದ ಡಿಎಫ್‌ಜಿ 2007ರಿಂದ ಯೋಜನಾ ವೆಚ್ಚದ ಮೇಲೆ ಶೇ. 20ರಷ್ಟನ್ನೂ 2016ರಿಂದ ಶೇ. 22ರಷ್ಟನ್ನೂ ಸಂಸ್ಥೆಗೆಂದೇ ಸೇರಿಸಿ ಕೊಡುತ್ತಿದೆ. ಐರೋಪ್ಯ ಒಕ್ಕೂಟದ ಹೊರೈಝನ್ ಕಾರ್ಯಕ್ರಮದಲ್ಲಿ ಈ ಪ್ರಮಾಣ ಶೇ. 25. ಬ್ರಿಟನ್ನಿನ ಸಂಶೋಧನಾ ಮಂಡಳಿಗಳು ಯೋಜನೆಯ ಪೂರ್ಣ ವೆಚ್ಚವನ್ನು ಲೆಕ್ಕಹಾಕಿಸಿ ಸಾಮಾನ್ಯವಾಗಿ ಅದರ ಶೇ. 80ರಷ್ಟನ್ನು ಮಾತ್ರ ಕೊಡುತ್ತವೆ. ಉಳಿದುದನ್ನು ವಿಶ್ವವಿದ್ಯಾಲಯವೇ ಬೇರೆ ಮೂಲಗಳಿಂದ ಹೊಂದಿಸಿಕೊಳ್ಳಬೇಕು. ಅಂದರೆ ಅಲ್ಲಿ ಅನುದಾನ ಬಂದಷ್ಟೂ ಸಂಸ್ಥೆಯ ಹೊರೆ ಹೆಚ್ಚುತ್ತದೆ! ಅನುದಾನ ತರುವುದೇ ಆರ್ಥಿಕ ಚೇತರಿಕೆಯ ದಾರಿ ಎಂದು ನಂಬುವ ಆಡಳಿತ ಮಂಡಳಿಗಳು ಈ ಲೆಕ್ಕವನ್ನು ಒಮ್ಮೆಯಾದರೂ ಕುಳಿತು ನೋಡಬೇಕು.

ಈ ಹಣ ದುರುಪಯೋಗವಾಗಬಹುದೆಂಬ ತಮ್ಮ ಅನುಮಾನಕ್ಕೆ ಇತಿಹಾಸದ ಆಧಾರವಿದೆ. 1990-91ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪರೋಕ್ಷ ವೆಚ್ಚಗಳ, ಅಂದರೆ ಓವರ್‌ಹೆಡ್‌ನ, ಪರಿಶೀಲನೆ ನಡೆದಾಗ, ವಿಹಾರ ನೌಕೆಯೊಂದರ ಸವಕಳಿ ಮೊತ್ತವೂ ಸರ್ಕಾರದ ಸಂಶೋಧನಾ ಲೆಕ್ಕಕ್ಕೆ ಸೇರಿದ್ದು ಬೆಳಕಿಗೆ ಬಂದು ದೊಡ್ಡ ಗದ್ದಲವಾಯಿತು. ಅದರ ಬೆನ್ನಿಗೇ, ವಿಶ್ವವಿದ್ಯಾಲಯಗಳು ಪಡೆಯುವ ಪರೋಕ್ಷ ವೆಚ್ಚದಲ್ಲಿ ಆಡಳಿತದ ಪಾಲು ಯೋಜನೆಯ ನೇರ ವೆಚ್ಚದ ಶೇ. 26ನ್ನು ಮೀರಬಾರದೆಂಬ ಮಿತಿಯನ್ನು ಅಲ್ಲಿನ ಸರ್ಕಾರ ವಿಧಿಸಿತು. ಇದರ ಇನ್ನೊಂದು ಮುಖವೂ ಉಂಟು. ಅದೇ ದೇಶದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು 2025ರ ಫೆಬ್ರವರಿಯಲ್ಲಿ, ಎಲ್ಲ ಸಂಸ್ಥೆಗಳ ಪರೋಕ್ಷ ವೆಚ್ಚವನ್ನೂ ಒಂದೇ ಏಟಿಗೆ ಶೇ. 15ಕ್ಕೆ ಇಳಿಸುವುದಾಗಿ ಪ್ರಕಟಿಸಿದಾಗ, ಪ್ರಯೋಗಾಲಯಗಳನ್ನೇ ಮುಚ್ಚಬೇಕಾದೀತೆಂದು ವಿಶ್ವವಿದ್ಯಾಲಯಗಳು ನ್ಯಾಯಾಲಯದ ಮೆಟ್ಟಿಲೇರಿದವು, ನ್ಯಾಯಾಲಯ ಆ ಆದೇಶವನ್ನು ತಡೆಯಿತು. ಈ ಪಾಲಿನ ಮೇಲೆ ಎಷ್ಟು ಕೆಲಸಗಳು ನಿಂತಿವೆ ಎಂಬುದು ಅದನ್ನು ಕಿತ್ತುಕೊಳ್ಳಲು ಹೊರಟಾಗಲೇ ಹೊರಗಿನವರಿಗೆ ತಿಳಿದದ್ದು. ಆದ್ದರಿಂದ ಓವರ್‌ಹೆಡ್ ಬೇಡವೆನ್ನುವ ಬದಲು, ಅದು ಯಾವ ಯಾವ ಬಾಬಿಗೆ ಎಷ್ಟೆಷ್ಟು ಹೋಯಿತೆಂಬುದನ್ನು ಪ್ರತಿ ವರ್ಷ ಅಧ್ಯಾಪಕರೆಲ್ಲರ ಮುಂದೆ ಇಡಬೇಕೆಂದು ತಾವು ಕೇಳಬೇಕು. ತಮ್ಮ ಪತ್ರವನ್ನು ಓದಿದರೆ, ಅಂಥ ಲೆಕ್ಕವನ್ನು ತಾವು ಇದುವರೆಗೆ ನೋಡಿಯೇ ಇಲ್ಲವೆಂದು ತೋರುತ್ತದೆ. ಕೇಂದ್ರದ ಮೇಲಿನ ಸಿಟ್ಟಿನಲ್ಲಿ ಅರ್ಧದಷ್ಟು ಅಲ್ಲಿಂದಲೇ ಹುಟ್ಟಿರಬೇಕು.

ತಾವು ರಸಾಯನಶಾಸ್ತ್ರದವರಾದ್ದರಿಂದ ತಮ್ಮ ವಿಭಾಗದ ಎನ್‌ಎಮ್‌ಆರ್ ಯಂತ್ರವನ್ನೇ, ಅಂದರೆ ಪ್ರಬಲ ಅಯಸ್ಕಾಂತದ ನೆರವಿನಿಂದ ಅಣುಗಳ ರಚನೆಯನ್ನು ತಿಳಿಸುವ ಉಪಕರಣವನ್ನೇ, ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಅತಿವಾಹಕ (ಅತಿ ತಣ್ಣಗಿರುವಾಗ ವಿದ್ಯುತ್ತನ್ನು ತಡೆಯಿಲ್ಲದೆ ಹರಿಯಬಿಡುವ) ಅಯಸ್ಕಾಂತ ಸದಾ ದ್ರವ ಹೀಲಿಯಂನಲ್ಲಿ ಮುಳುಗಿರಬೇಕು, ಅದರ ಹೊರಗಿನ ಕವಚಕ್ಕೆ ದ್ರವ ಸಾರಜನಕವನ್ನು ಆಗಾಗ ತುಂಬುತ್ತಿರಬೇಕು. ಹೀಲಿಯಂ ಮಟ್ಟ ತೀರಾ ಇಳಿದರೆ ಅಯಸ್ಕಾಂತ ತನ್ನ ಅತಿವಾಹಕತ್ವವನ್ನು ಕಳೆದುಕೊಂಡು, ಒಳಗೆ ಉಳಿದ ಹೀಲಿಯಂ ಕೆಲವೇ ನಿಮಿಷಗಳಲ್ಲಿ ಆವಿಯಾಗಿ ಹೋಗುತ್ತದೆ. ಮತ್ತೆ ಅದನ್ನು ಸ್ಥಿತಿಗೆ ತರುವುದು ಬಹಳ ದುಬಾರಿಯ ಕೆಲಸ. ಯಂತ್ರವನ್ನು ಕೊಳ್ಳಲು ಹಣ ಕೊಟ್ಟ ಯೋಜನೆ ಮೂರು ವರ್ಷಕ್ಕೆ ಮುಗಿಯುತ್ತದೆ, ಯಂತ್ರ ಇಪ್ಪತ್ತು ವರ್ಷ ಬಾಳುತ್ತದೆ. ನಾಲ್ಕನೆಯ ವರ್ಷದ ಹೀಲಿಯಂ ಯಾರ ಲೆಕ್ಕದಲ್ಲಿ? ಯಂತ್ರವನ್ನು ಬಲ್ಲ ತಂತ್ರಜ್ಞರ ವೇತನ ಯಾರ ಲೆಕ್ಕದಲ್ಲಿ? ತಾವು ಹೇಳುವಂತೆ ಹಣವನ್ನು ಎಲ್ಲರಿಗೂ ಸಮನಾಗಿ ಹಂಚಿದರೆ, ಪ್ರತಿಯೊಬ್ಬರ ಕೈಯಲ್ಲೂ ಒಂದಿಷ್ಟು ಹಣವಿರುತ್ತದೆ, ಹೀಲಿಯಂ ತರಿಸುವ ಹೊಣೆ ಮಾತ್ರ ಯಾರದೂ ಆಗಿರುವುದಿಲ್ಲ. ತಂತ್ರಜ್ಞರಿಲ್ಲದೆ ಬೀಗ ಹಾಕಿಕೊಂಡು ಕುಳಿತ ಉಪಕರಣಗಳನ್ನು ಎಲ್ಲ ದೇಶಗಳ ವಿಶ್ವವಿದ್ಯಾಲಯಗಳಲ್ಲೂ ಕಾಣಬಹುದು. ಕೊಳ್ಳುವ ದಿನ ಸಮಾರಂಭ ನಡೆಯುತ್ತದೆ. ನಿರ್ವಹಣಾ ಒಪ್ಪಂದ ಮುಗಿದ ದಿನ ಯಾರ ಗಮನಕ್ಕೂ ಬರುವುದಿಲ್ಲ. ದುಬಾರಿ ಉಪಕರಣಗಳನ್ನು ವಿಭಾಗಗಳ ಹಿಡಿತದಿಂದ ಬಿಡಿಸಿ ಒಂದೆಡೆ ತಂದು, ಕಾಯಂ ತಂತ್ರಜ್ಞರನ್ನು ನೇಮಿಸಿ, ಬಳಸುವವರಿಂದ ಗಂಟೆಗಿಷ್ಟು ಎಂದು ಶುಲ್ಕ ಪಡೆಯುವ ಸಾಮಾನ್ಯ ಪ್ರಯೋಗಾಲಯದ ವ್ಯವಸ್ಥೆಯೇ ಓವರ್‌ಹೆಡ್ ಹಣದ ಅತ್ಯುತ್ತಮ ಬಳಕೆ ಎಂಬುದು ನನ್ನ ಅಭಿಪ್ರಾಯ. ವಿಭಾಗದ ಮುಖ್ಯಸ್ಥರಿಗೆ ಇದು ಸುಲಭವಾಗಿ ರುಚಿಸುವುದಿಲ್ಲ ಎಂಬುದನ್ನೂ ಬಲ್ಲೆ.

ಸಮಾನ ಹಂಚಿಕೆಯ ವಿಚಾರ ತಮ್ಮೊಬ್ಬರದಲ್ಲ, ಅದನ್ನು ಹಗುರವಾಗಿ ತಳ್ಳಿಹಾಕುವಂತೆಯೂ ಇಲ್ಲ. ಕೆನಡಾದ ಇಬ್ಬರು ವಿದ್ವಾಂಸರು 2009ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಅಲ್ಲಿನ ವಿಜ್ಞಾನ ಅನುದಾನದ ಅರ್ಜಿಯೊಂದನ್ನು ಬರೆದು, ಪರಿಶೀಲಿಸಿ, ತೀರ್ಮಾನಿಸುವುದಕ್ಕೆ ಆಗುವ ಸುಮಾರು 40,000 ಡಾಲರ್ ಖರ್ಚು, ಅರ್ಹ ಸಂಶೋಧಕರೆಲ್ಲರಿಗೂ ತಲಾ 30,000 ಡಾಲರ್ ಕೊಟ್ಟುಬಿಡುವುದಕ್ಕಿಂತ ಹೆಚ್ಚೆಂದು ವಾದಿಸಿದರು. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಬಂದ ಪ್ರತ್ಯುತ್ತರವು, ನಿಜವಾದ ಖರ್ಚು ಆ ತಲಾ 30,000 ಡಾಲರ್ ಅನುದಾನದ ಶೇ. 5ಕ್ಕಿಂತಲೂ ಕಡಿಮೆ ಎಂದು ಲೆಕ್ಕ ತೋರಿಸಿತು. ಒಂದೇ ವ್ಯವಸ್ಥೆಯ ಬಗ್ಗೆ ಇಷ್ಟು ದೂರದ ಎರಡು ಅಂಕಿಗಳು ಹೇಗೆ ಬಂದವು? ಸಂಶೋಧಕರು ಅರ್ಜಿ ಬರೆಯುವುದರಲ್ಲಿ ಕಳೆಯುವ ಸಮಯಕ್ಕೆ ಎಷ್ಟು ಬೆಲೆ ಕಟ್ಟಬೇಕು ಎಂಬಲ್ಲೇ ಹೆಚ್ಚಿನ ವ್ಯತ್ಯಾಸವಿದೆ. ಇಡೀ ದೇಶದ ಮಟ್ಟದಲ್ಲಿ ಈ ಚರ್ಚೆಗೆ ಅರ್ಥವಿದೆ. ಒಂದು ವಿಶ್ವವಿದ್ಯಾಲಯದ ಓವರ್‌ಹೆಡ್ ಹಣವಾದರೋ ಎಲ್ಲರಿಗೂ ಹಂಚಿದಾಗ ಒಬ್ಬೊಬ್ಬರಿಗೆ ಒಂದು ಸಮ್ಮೇಳನಕ್ಕೆ ಹೋಗಿಬರುವಷ್ಟೂ ಉಳಿಯದಿರಬಹುದು.

ಆದರೆ ತಮ್ಮ ಬೇಡಿಕೆಯ ಹಿಂದಿರುವ ಅಗತ್ಯ ನಿಜವಾದದ್ದು. ಅದನ್ನು ಪೂರೈಸುವ ಎರಡು ಸಣ್ಣ ನಿಧಿಗಳನ್ನು ಯಾವ ವಿಶ್ವವಿದ್ಯಾಲಯವೂ ಸ್ಥಾಪಿಸಬಹುದು. ಮೊದಲನೆಯದು, ಹೊಸದಾಗಿ ಸೇರಿದ ಅಧ್ಯಾಪಕರಿಗೆ ಕೊಡುವ ಆರಂಭಿಕ ಅನುದಾನ, ಅಂದರೆ ಸೀಡ್ ಗ್ರಾಂಟ್. ಅದಕ್ಕೆ ಎರಡು ಪುಟದ ಅರ್ಜಿ ಸಾಕು, ತೀರ್ಮಾನ ಒಂದು ತಿಂಗಳೊಳಗೆ ಆಗಬೇಕು, ಪ್ರಾಥಮಿಕ ಫಲಿತಾಂಶಗಳನ್ನು ಮೊದಲೇ ಕೇಳಬಾರದು. ಏಕೆಂದರೆ ಅದನ್ನು ಕೊಡುವುದೇ ಆ ಫಲಿತಾಂಶಗಳನ್ನು ಪಡೆಯುವುದಕ್ಕೆ. ಎರಡನೆಯದನ್ನು ನಾನು ಇನ್ನೂ ಮುಖ್ಯವೆಂದು ಎಣಿಸುತ್ತೇನೆ. ಒಂದು ಅನುದಾನ ಮುಗಿದು ಇನ್ನೊಂದು ಬರುವ ತನಕದ ಆರು ತಿಂಗಳೋ ಒಂದು ವರ್ಷವೋ ಯೋಜನೆಯ ಸಿಬ್ಬಂದಿಗೆ ವೇತನ ಕೊಡುವ ಮಧ್ಯಂತರ ನಿಧಿ ಅದು. ಐದು ವರ್ಷ ಕಲಿತ ತಂತ್ರಜ್ಞರೊಬ್ಬರು ಆರು ತಿಂಗಳ ವೇತನವಿಲ್ಲದ್ದರಿಂದ ಬೇರೆಡೆ ಹೊರಟುಹೋದರೆ, ಮುಂದಿನ ಅನುದಾನದ ಮೊದಲ ವರ್ಷ ಹೊಸಬರಿಗೆ ಕಲಿಸುವುದರಲ್ಲೇ ಕಳೆದುಹೋಗುತ್ತದೆ. ಈ ನಷ್ಟ ಯಾವ ಲೆಕ್ಕಪತ್ರದಲ್ಲೂ ಕಾಣಿಸುವುದಿಲ್ಲವಾದ್ದರಿಂದ, ಇದಕ್ಕಾಗಿ ಹಣ ತೆಗೆದಿಡಬೇಕೆಂದು ಹಣಕಾಸು ಅಧಿಕಾರಿಗಳನ್ನು ಒಪ್ಪಿಸುವುದು ಕಷ್ಟವಾಗುತ್ತದೆ.

ಈಗ ಸಿಬ್ಬಂದಿಯ ಪ್ರಶ್ನೆಗೆ ಬರೋಣ. ಅಮೆರಿಕದಲ್ಲಿ ಒಕ್ಕೂಟ ಸರ್ಕಾರದ ಅನುದಾನ ಪಡೆದ ಪ್ರಧಾನ ಸಂಶೋಧಕರ ಸಮೀಕ್ಷೆಗಳು 2005ರಿಂದ ನಡೆದಿವೆ. ಆ ಯೋಜನೆಗಳಿಗಾಗಿ ತಾವು ಕೊಡುವ ಸಮಯದಲ್ಲಿ ಶೇ. 42ರಷ್ಟು ಸಂಶೋಧನೆಗಲ್ಲದೆ, ಅದಕ್ಕೆ ಸಂಬಂಧಿಸಿದ ಆಡಳಿತದ ಕೆಲಸಗಳಿಗೆ ಹೋಗುತ್ತದೆಂದು ಮೊದಲ ಸಮೀಕ್ಷೆಯಲ್ಲಿ ಅವರು ಅಂದಾಜಿಸಿದರು. 2012ರಲ್ಲೂ ಅದೇ ಪ್ರಮಾಣವಿತ್ತು. 2018ರ ಹೊತ್ತಿಗೆ ಅದು ಶೇ. 44 ಆಯಿತು. ಪ್ರಸ್ತಾವನೆ ಬರೆಯುವುದು, ವೆಚ್ಚದ ವರದಿ, ಖರೀದಿ, ಸಿಬ್ಬಂದಿ ನೇಮಕ, ಅನುಮತಿ ಪತ್ರಗಳು ಎಲ್ಲವೂ ಇದರಲ್ಲಿ ಸೇರಿವೆ. ಇವುಗಳಲ್ಲಿ ವಿಜ್ಞಾನಿಯೇ ಮಾಡಬೇಕಾದದ್ದು ಸ್ವಲ್ಪ. ಮಿಕ್ಕದ್ದನ್ನು ತರಬೇತಾದ ಇತರರು ಹೆಚ್ಚು ಚೆನ್ನಾಗಿ ಮಾಡಬಲ್ಲರು. ಒಳ್ಳೆಯ ನೆರವು ಕೇಂದ್ರ ಆಯವ್ಯಯದ ಪಟ್ಟಿಯನ್ನು ತಾನೇ ಸಿದ್ಧಪಡಿಸುತ್ತದೆ, ಆ ಅನುದಾನ ಸಂಸ್ಥೆಯ ನಿಯಮಗಳನ್ನು ಮೊದಲೇ ಓದಿ ತಿಳಿಸುತ್ತದೆ, ಖರೀದಿಯ ಕಡತ ಎಲ್ಲಿ ನಿಂತಿದೆಯೆಂದು ಬೆನ್ನುಹತ್ತಿ ವಿಚಾರಿಸುತ್ತದೆ, ಗಡುವಿನ ಒಂದು ವಾರ ಮೊದಲೇ ವೆಚ್ಚದ ವಿವರ ಸಿದ್ಧವಿರುವಂತೆ ನೋಡಿಕೊಳ್ಳುತ್ತದೆ. ತಮ್ಮ ಕೇಂದ್ರ ನಮೂನೆಗಳನ್ನು ಕಳಿಸಿ ತಮ್ಮಿಂದ ತುಂಬಿಸಿಕೊಳ್ಳುತ್ತಿದೆಯೆಂದರೆ, ಅದು ಸಂಶೋಧಕರಿಗೆ ನೆರವಾಗುವ ಬದಲು ಆಡಳಿತಕ್ಕೆ ಮಾಹಿತಿ ಒದಗಿಸುವ ಕಚೇರಿಯಾಗಿದೆ. ಮಾಹಿತಿ ಬೇಕಾದದ್ದೇ ಇರಬಹುದು, ಅದಕ್ಕೆ ನೆರವು ಎಂಬ ಹೆಸರು ಸಲ್ಲದು.

ಇಂಥ ಕೇಂದ್ರಗಳು ದಾರಿ ತಪ್ಪುವುದಕ್ಕೆ ಮುಖ್ಯ ಕಾರಣ ಅವುಗಳನ್ನು ಅಳೆಯುವ ಅಳತೆಗೋಲು. ವರ್ಷಕ್ಕೆ ಎಷ್ಟು ಅರ್ಜಿಗಳು ಹೋದವು ಎಂಬುದೇ ಸಾಧನೆಯ ಲೆಕ್ಕವಾದರೆ, ಸಿದ್ಧವಾಗಿಲ್ಲದ ಪ್ರಸ್ತಾವನೆಗಳನ್ನೂ ಹೊರಗೆ ತಳ್ಳಲಾಗುತ್ತದೆ. ಆಸ್ಟ್ರೇಲಿಯಾದ ಆರೋಗ್ಯ ಸಂಶೋಧನಾ ಮಂಡಳಿಗೆ 2012ರಲ್ಲಿ ಬಂದ ಯೋಜನಾ ಅರ್ಜಿಗಳನ್ನು ಬರೆಯಲು ಸಂಶೋಧಕರು ಒಟ್ಟಾರೆ 550 ವರ್ಷಗಳಷ್ಟು ದುಡಿಮೆಯ ಸಮಯವನ್ನು ವ್ಯಯಿಸಿದರೆಂದು ಅಧ್ಯಯನವೊಂದು ಅಂದಾಜಿಸಿತು. ಆ ಅರ್ಜಿಗಳಲ್ಲಿ ಹಣ ಸಿಕ್ಕಿದ್ದು ಐದರಲ್ಲಿ ಒಂದಕ್ಕೆ ಮಾತ್ರ. ಆದ್ದರಿಂದ ‘ಈ ವರ್ಷ ಬೇಡ, ಇನ್ನೊಂದು ಪ್ರಯೋಗ ಮುಗಿಸಿ ಮುಂದಿನ ಸುತ್ತಿಗೆ ಹಾಕಿ’ ಎಂದು ಧೈರ್ಯವಾಗಿ ಹೇಳಬಲ್ಲವರು ಕೇಂದ್ರದಲ್ಲಿರಬೇಕು. ಹಾಗೆ ಹೇಳಬೇಕಾದರೆ ಅವರಿಗೆ ಸಂಶೋಧನೆಯ ಅನುಭವವಿರಬೇಕು, ಅವರ ಹುದ್ದೆ ಕಾಯಂ ಆಗಿರಬೇಕು. ವರ್ಷ ವರ್ಷ ಗುತ್ತಿಗೆ ನವೀಕರಿಸಿಕೊಳ್ಳಬೇಕಾದವರಿಂದ ಈ ಮಾತನ್ನು ನಿರೀಕ್ಷಿಸುವುದು ಅನ್ಯಾಯ.

ದತ್ತಾಂಶ ನಿರ್ವಹಣೆಯ ನೆರವಿನ ಬಗ್ಗೆ ತಾವು ಕೇಳಿಲ್ಲವಾದರೂ ಒಂದು ಮಾತು ಸೇರಿಸುತ್ತೇನೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2023ರ ಜನವರಿಯಿಂದ ದತ್ತಾಂಶಗಳನ್ನು ಹೇಗೆ ಕಾಪಿಟ್ಟು ಹಂಚಿಕೊಳ್ಳಲಾಗುವುದು ಎಂಬ ಯೋಜನೆಯನ್ನು ಅರ್ಜಿಯೊಡನೆಯೇ ಕೇಳುತ್ತಿದೆ. ಗ್ರಂಥಪಾಲಕರು ಈ ವಿಷಯದಲ್ಲಿ ಬಹಳ ಸಹಾಯ ಮಾಡಬಲ್ಲರು. ಅವರನ್ನು ಕೇಂದ್ರದ ಕೆಲಸದಿಂದ ಹೊರಗಿಟ್ಟಿರುವುದು ಹಲವು ಕಡೆಗಳಲ್ಲಿ ಕಾಣುವ ಲೋಪ.

ಕೊನೆಯದಾಗಿ ತಮ್ಮ ಎರಡು ತಿರಸ್ಕಾರಗಳ ಮಾತು. ನೆದರ್ಲೆಂಡ್ಸ್‌ನಲ್ಲಿ ಯುವ ಸಂಶೋಧಕರಿಗೆ ಕೊಡುವ ಅನುದಾನವನ್ನು ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆಯ್ಕೆಯ ಗೆರೆಗಿಂತ ಕೂದಲೆಳೆಯಷ್ಟು ಮೇಲಿದ್ದವರನ್ನೂ ಅಷ್ಟೇ ಕೆಳಗಿದ್ದವರನ್ನೂ ಹೋಲಿಸಿತು. ಅಂಕಗಳಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮಾನರು. ಆದರೂ ಮುಂದಿನ ಎಂಟು ವರ್ಷಗಳಲ್ಲಿ ಮೇಲಿದ್ದವರಿಗೆ ಕೆಳಗಿದ್ದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಅನುದಾನ ದೊರೆಯಿತು. ಅದಕ್ಕೆ ಒಂದು ಕಾರಣವೆಂದರೆ, ಸೋತವರು ಮತ್ತೆ ಅರ್ಜಿ ಹಾಕುವುದನ್ನೇ ಕಡಿಮೆ ಮಾಡಿಬಿಟ್ಟಿದ್ದರು. ಅದೇ ವರ್ಷದ ಇನ್ನೊಂದು ಅಧ್ಯಯನದಲ್ಲಿ 43 ಪರಿಶೀಲಕರು 25 ಅರ್ಜಿಗಳನ್ನು ಓದಿ ಅಂಕ ಕೊಟ್ಟಾಗ, ಒಂದೇ ಅರ್ಜಿಯನ್ನು ಓದಿದವರ ನಡುವೆಯೂ ಒಮ್ಮತವೆಂಬುದು ಬಹುತೇಕ ಇರಲಿಲ್ಲ. ಅತಿ ಸಮೀಪದ ಅರ್ಜಿಗಳ ನಡುವೆ ಇದೇ ಮೇಲೆಂದು ಹೇಳುವುದು ಕಷ್ಟವೆಂದು ಒಪ್ಪಿಕೊಂಡ ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿಯು 2013ರಿಂದ ಒಂದು ಬಗೆಯ ಅನುದಾನಕ್ಕೆ, ಅರ್ಹವೆನಿಸಿದ ಅರ್ಜಿಗಳ ನಡುವೆ ಚೀಟಿ ಎತ್ತುವ ಪದ್ಧತಿಯನ್ನೇ ತಂದಿತು.

ಹೀಗಿರುವಾಗ ತಿರಸ್ಕೃತರಾದವರ ಪಟ್ಟಿ ನೆರವು ಕೇಂದ್ರದ ಬಳಿ ಇರಬೇಕು, ಅದರಲ್ಲೂ ಗೆರೆಯ ಹತ್ತಿರ ಬಂದು ಸೋತವರನ್ನು ಅದು ತಾನಾಗಿಯೇ ಕರೆಸಿ ಮಾತಾಡಬೇಕು. ತಮ್ಮನ್ನು ಯಾರೂ ಕರೆದಿಲ್ಲವೆಂದು ಪತ್ರದಿಂದ ತಿಳಿಯುತ್ತದೆ. ತಾವಾಗಿಯೇ ಹೋಗಿ, ಎರಡೂ ಸುತ್ತಿನ ಪರಿಶೀಲಕರ ಟಿಪ್ಪಣಿಗಳನ್ನು ಅವರ ಮುಂದಿಟ್ಟು, ಅನುದಾನ ಗಳಿಸಿದ ಅನುಭವವಿರುವ, ತಮ್ಮ ಕ್ಷೇತ್ರದವರಲ್ಲದ ಒಬ್ಬ ಹಿರಿಯರಿಂದ ಪ್ರಸ್ತಾವನೆಯನ್ನು ಓದಿಸಿಕೊಡುವಂತೆ ಲಿಖಿತವಾಗಿ ಕೇಳಿ. ಎರಡೂ ಸಲ ಒಂದೇ ಆಕ್ಷೇಪಣೆ ಬಂದಿದ್ದರೆ ಅದನ್ನು ನಿವಾರಿಸುವ ಪ್ರಯೋಗವನ್ನು ಮೊದಲು ಮಾಡಿ, ಆಮೇಲೆ ಅರ್ಜಿ ಹಾಕಿ. ಪರಿಶೀಲಕರು ಒಬ್ಬರಿಗೊಬ್ಬರು ವಿರುದ್ಧವಾಗಿ ಹೇಳಿದ್ದರೆ ಪ್ರಸ್ತಾವನೆಯನ್ನು ಬಹಳ ಬದಲಿಸದೆ ಮುಂದಿನ ಗಡುವಿಗೇ ಕಳುಹಿಸಿ. ಕೇಂದ್ರ ಏನು ಉತ್ತರ ಕೊಟ್ಟಿತೆಂಬುದನ್ನು ನಮಗೆ ಬರೆದು ತಿಳಿಸಿದರೆ ಮುಂದಿನ ಸಂಚಿಕೆಯೊಂದರಲ್ಲಿ ಅದನ್ನೂ ಪ್ರಕಟಿಸುತ್ತೇವೆ. ಹೆಸರುಗಳು ಆಗಲೂ ಇರುವುದಿಲ್ಲ.

— ಸಂಪಾದಕ