ಬೆರಳ ತುದಿ ಇಲ್ಲದವರು ಗಿಟಾರ್ ನುಡಿಸಬಹುದೇ?

ಪ್ರಶ್ನೆ: ನಾನು ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಘಟಕವೊಂದರ ಕಾರ್ಮಿಕ. ಹೋದ ವರ್ಷ ಎಡಗೈಯ ಉಂಗುರ ಬೆರಳಿನ ತುದಿ ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಹೆವಿ ಮೆಟಲ್ ಗಿಟಾರ್ ಕಲಿಯುವ ಆಸೆಯನ್ನು ಬಿಡಬೇಕೇ?
– ಓದುಗರೊಬ್ಬರು, ಕಲಬುರಗಿ ಜಿಲ್ಲೆ

ಉತ್ತರ: ಬಿಡಬೇಕಿಲ್ಲ. ಹೆವಿ ಮೆಟಲ್ ಎಂಬ ಈ ಅಬ್ಬರದ ರಾಕ್ ಸಂಗೀತಕ್ಕೆ ಬುನಾದಿ ಹಾಕಿದ ಇಂಗ್ಲೆಂಡಿನ ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಕೂಡ ಕಾರ್ಮಿಕರೇ ಆಗಿದ್ದರು. ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿ, 17ನೆಯ ವಯಸ್ಸಿನಲ್ಲಿ, ಅದೂ ಕೆಲಸದ ಕೊನೆಯ ದಿನವೇ, ಅವರ ಬಲಗೈಯ ಎರಡು ಬೆರಳುಗಳ ತುದಿ ಹೋದವು. ಅವರು ಎಡಚರಾದ್ದರಿಂದ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು, ಅದರ ಮೇಲೆ ಚರ್ಮ ಅಂಟಿಸಿ, ತೆಳುವಾದ ತಂತಿಗಳನ್ನು ಹಾಕಿ ನುಡಿಸಿದರು. ಮುಂದೆ 1971ರ ಆಲ್ಬಮ್ಮಿನ ಹಲವು ಹಾಡುಗಳಲ್ಲಿ ಶ್ರುತಿಯನ್ನು ಮೂರು ಅರ್ಧಸ್ವರ ಇಳಿಸಿದ್ದರಿಂದ ತಂತಿಯ ಬಿಗಿ ಸಡಿಲಾಗಿ, ಇಂದು ಎಲ್ಲರೂ ಅನುಕರಿಸುವ ಆ ಭಾರವಾದ ನಾದ ಇನ್ನಷ್ಟು ಗಾಢವಾಯಿತು.

ತಂಡದೊಳಗಿನ ಬದುಕು ಮಾತ್ರ ಹೊರಗಿನವರು ಊಹಿಸುವಷ್ಟು ಸೊಗಸಾಗಿರಲಿಲ್ಲ. 1968ರಲ್ಲಿ ಜೊತೆಗೂಡಿದ ಗಾಯಕ ಆಜಿ ಆಸ್ಬರ್ನ್ ಅವರನ್ನು 1979ರಲ್ಲಿ ಹೊರಹಾಕಬೇಕಾಯಿತು. ಗಾಯಕರೂ ಡ್ರಮ್ಮರ್‌ಗಳೂ ಬದಲಾಗುತ್ತಲೇ ಹೋದರು. ಮೊದಲಿನಿಂದ ಕೊನೆಯವರೆಗೂ ಉಳಿದವರು ಅಯೋಮಿ ಒಬ್ಬರೇ. ಕ್ಯಾನ್ಸರ್ ಪತ್ತೆಯಾದ ಬಳಿಕವೂ, ಚಿಕಿತ್ಸೆಯ ನಡುವೆಯೇ, 2013ರ ಆಲ್ಬಮ್ಮಿಗೆ ನುಡಿಸಿದರು. ಮೂಲ ನಾಲ್ವರೂ ಕೊನೆಯ ಬಾರಿಗೆ ವೇದಿಕೆ ಏರಿದ್ದು 2025ರ ಜುಲೈ 5ರಂದು, ತಮ್ಮ ಊರಿನಲ್ಲೇ. ಅದಾಗಿ 17 ದಿನಗಳಿಗೆ ಆಜಿ ತೀರಿಕೊಂಡರು.

ನಿಮಗೆ ಇನ್ನೊಂದು ದಾರಿಯೂ ಇದೆ: ಬಲಗೈ ಸರಿಯಿರುವುದರಿಂದ ಎಡಚರ ಗಿಟಾರಿನಿಂದಲೇ ಕಲಿಕೆ ಆರಂಭಿಸಬಹುದು. ಗಾಯ ಪೂರ್ತಿ ಮಾಗಿದೆಯೇ ಎಂದು ಮೊದಲು ವೈದ್ಯರಿಗೆ ತೋರಿಸಿ.